ವಕೀಲರ ಸಂತಾಪ ಭಾಷಣ

ವಕೀಲರು ಅರ್ಧ ಗಡ್ಡ ಹೆರೆದುಕೊಂಡು ಇನ್ನರ್ಧಕ್ಕೆ ನೊರೆ ಹಚ್ಚುತ್ತಿದ್ದಾಗ ಬಾಮೈದ ಬಚ್ಚಲ ಬಾಗಿಲಾಚೆ ನಿಂತು, ಪಕ್ಷದ ವರಿಷ್ಠರು ನಾಳೆಯಲ್ಲ, ಇವತ್ತೇ ಬರುತ್ತಿದ್ದಾರೆ ಎಂದು ಸುದ್ದಿ ಹೇಳಿದ. ಬೆಳಿಗ್ಗೆಯೇ ಬಂದು ಅತಿಥಿಗೃಹದಲ್ಲಿ ಕೂತು, ಬರುವ ಚುನಾವಣೆಗೆ ಈ ಕ್ಷೇತ್ರದ ಟಿಕೆಟ್ಟು ಯಾರಿಗೆಂದು ತೀರ್ಮಾನಿಸಿ, ಊಟದ ಹೊತ್ತಿಗೆ ಮುಂದಿನ ಊರಿಗೆ ಹೊರಟುಬಿಡುತ್ತಾರಂತೆ. ವಕೀಲರು ಅವಸರದಲ್ಲಿ ಕತ್ತಿ ಎಳೆದದ್ದೇ, ಗಲ್ಲದ ಮೇಲೊಂದು ಕೆಂಪು ಗೆರೆ ಮೂಡಿತು. ಟಿಕೆಟ್ಟು ಕೇಳಲು ಹೋಗುವವನ ಮುಖ ಹೀಗಿರಬಾರದು ಎಂದು ಕನ್ನಡಿಯಲ್ಲಿ ನೋಡಿಕೊಂಡೇ ಅವರಿಗೆ ಅನ್ನಿಸಿತು.

"ಸಿಮೆಂಟ್ ಅಂಗಡಿಯವನು ಆಗಲೇ ಸ್ನಾನ ಮುಗಿಸಿ ಅಲ್ಲಿ ಹೋಗಿ ಕೂತಿದಾನಂತೆ ಭಾವ," ಎಂದ ಬಾಮೈದ. ಟಿಕೆಟ್ಟು ಕೇಳುತ್ತಿದ್ದ ಇನ್ನೊಬ್ಬನೆಂದರೆ ಅವನೇ.

"ನನಗೆ ಇವತ್ತು ಕೋರ್ಟಿದೆಯಲ್ಲೋ."

"ಕೋರ್ಟು ದಿನಾ ಇರುತ್ತೆ. ಟಿಕೆಟ್ಟು ಐದು ವರ್ಷಕ್ಕೊಂದ್ಸಲ."

ಅಡುಗೆಮನೆಯಿಂದ ಹೆಂಡತಿ, ಇರೋ ಒಂದು ಕೆಲಸವನ್ನು ನೆಟ್ಟಗೆ ಮಾಡಿಕೊಂಡಿರಿ ಅಂತ ತಾನು ಐದು ವರ್ಷದ ಹಿಂದೆಯೇ ಬಡಕೊಂಡಿದ್ದೆ ಎಂದು ಪಾತ್ರೆಗಳಿಗೆ ಹೇಳುತ್ತಿದ್ದದ್ದು ಇಬ್ಬರಿಗೂ ಕೇಳಿಸಿತು.

ಆಕೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಶಾಸಕರಾದ ಮೇಲೂ ವಕೀಲರು ವಕೀಲಿಕೆ ಬಿಟ್ಟಿರಲಿಲ್ಲ. ಅವರ ಕಾರಿನ ಹಿಂದಿನ ಸೀಟಿನ ಎಡಗಡೆ ಕೊಕ್ಕೆಯಲ್ಲಿ ಕಪ್ಪು ಕೋಟು, ಬಲಗಡೆ ಕೊಕ್ಕೆಯಲ್ಲಿ ಸಭೆ ಸಮಾರಂಭಕ್ಕೆ ತೊಡುವ ಕೆನೆಬಣ್ಣದ ತೋಳಿಲ್ಲದ ಕೋಟು ಸದಾ ತೂಗಾಡುತ್ತಿದ್ದವು. ಊರಿನವರು ಹಿಂದಿನಿಂದ ಅವರನ್ನು 'ಡಬಲ್ ಕೋಟು' ಎನ್ನುತ್ತಿದ್ದರು. ಕೋರ್ಟಿನವರು ಇವರು ರಾಜಧಾನಿಯಲ್ಲಿದ್ದಾರೆ ಅಂದುಕೊಂಡರು, ರಾಜಧಾನಿಯವರು ಕೋರ್ಟಿನಲ್ಲಿದ್ದಾರೆ ಅಂದುಕೊಂಡರು. ನಿಜ ಹೇಳಬೇಕೆಂದರೆ ಅವರು ಬಹುಪಾಲು ಎರಡರ ನಡುವಿನ ರಸ್ತೆಯಲ್ಲಿ, ಯಾವುದೋ ಲಾರಿಯ ಹಿಂದೆ ಸಿಕ್ಕಿಕೊಂಡಿರುತ್ತಿದ್ದರು. ಹೀಗೆ ಐದು ವರ್ಷ ಕಳೆಯುವಷ್ಟರಲ್ಲಿ ಕಕ್ಷಿದಾರರು ಒಬ್ಬೊಬ್ಬರಾಗಿ ಕಳಚಿಕೊಂಡು, ಕೊನೆಗೆ ಕೇಸು ಎಂದು ಹೇಳಿಕೊಳ್ಳುವಂಥದ್ದು ಒಂದೇ ಉಳಿದಿತ್ತು. ಈಗ ಟಿಕೆಟ್ಟೂ ಹೋದರೆ ಅವರು ವಾಪಸು ಬಂದು ಕೂರುವುದಕ್ಕೆ ಕುರ್ಚಿಯಿತ್ತು, ಎದುರಿಗೆ ಕೂರುವವರಿರಲಿಲ್ಲ. ರಾತ್ರಿ ನಿದ್ದೆ ಬಾರದಾಗ ಅವರ ಕಣ್ಣ ಮುಂದೆ ಬರುತ್ತಿದ್ದದ್ದು ಆ ಖಾಲಿ ಕುರ್ಚಿಯೇ.

ಉಳಿದಿದ್ದ ಆ ಒಂದು ಕೇಸು ಬೇಕರಿಯವನದು. ಬೇಕರಿ ಒಲೆಯ ಹೊಗೆ ಮೇಲಿನ ಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರ ಕೋಣೆಗೆ ನುಗ್ಗುತ್ತದೆ, ಬಾಯಿ ತೆರೆದ ರೋಗಿ ಕೆಮ್ಮುತ್ತಾನೆ ಎಂದು ಡಾಕ್ಟರು ದಾವಾ ಹೂಡಿದ್ದರು. ಡಾಕ್ಟರ ಪಾಟೀಸವಾಲು ಮಾಡುವುದನ್ನು ನಮ್ಮ ವಕೀಲರು ಮುಂದೂಡುತ್ತಲೇ ಇದ್ದದ್ದಕ್ಕೆ, ಕಳೆದ ಸಲ ನ್ಯಾಯಾಧೀಶರಾದ ಮೇಡಂ ಕನ್ನಡಕ ತೆಗೆದಿಟ್ಟು, ಇದೇ ಕೊನೆಯ ಅವಕಾಶ, ಮುಂದಿನ ದಿನ ನೀವೇ ಖುದ್ದಾಗಿ ಬರದಿದ್ದರೆ ಒಲೆಗೆ ಬೀಗ ಹಾಕಿಸುತ್ತೇನೆ ಎಂದಿದ್ದರು. ಆ ಮುಂದಿನ ದಿನವೇ ಇವತ್ತು.

ಡಾಕ್ಟರ ಪರವಾಗಿದ್ದವರು ಊರಿನ ಅತ್ಯಂತ ಹಳೆಯ ವಕೀಲರು. ಎಲ್ಲರ ಬಾಯಲ್ಲೂ ಅವರು ಬರೀ 'ಹಿರಿಯರು'. ನಮ್ಮ ವಕೀಲರು ಕಪ್ಪು ಕೋಟು ಮೊದಲು ತೊಟ್ಟದ್ದೇ ಅವರ ಆಫೀಸಿನಲ್ಲಿ. ಶಿಷ್ಯ ರಾಜಕೀಯಕ್ಕಿಳಿದ ದಿನದಿಂದ ಹಿರಿಯರು ಮಾತು ಬಿಟ್ಟಿದ್ದರು, ಕೋರ್ಟಿನಲ್ಲಿ ಆಕ್ಷೇಪಣೆ ಹೇಳುವುದಷ್ಟನ್ನೇ ಇಟ್ಟುಕೊಂಡಿದ್ದರು.

ಕಾರು ಓಡಿಸುತ್ತಾ ವಕೀಲರು ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ಯೋಚಿಸಿದರು. ಜ್ವರ ಎಂದರೆ ಮೇಡಂ ಡಾಕ್ಟರ ಚೀಟಿ ಕೇಳುತ್ತಾರೆ, ಎದುರು ಪಕ್ಷದವರೇ ಡಾಕ್ಟರು. ಉಳಿದದ್ದು ಒಂದೇ. ಆ ಕೋರ್ಟಿನಲ್ಲಿ ಒಂದು ಪದ್ಧತಿಯಿತ್ತು. ವಕೀಲರ ಸಂಘದ ಸದಸ್ಯರು ಯಾರಾದರೂ ತೀರಿಕೊಂಡರೆ ಬೆಳಿಗ್ಗೆ ಕೋರ್ಟು ಸೇರಿದೊಡನೆ ಎಲ್ಲರೂ ಎದ್ದು ನಿಲ್ಲುವುದು, ಒಬ್ಬರು ನಾಲ್ಕು ಒಳ್ಳೆಯ ಮಾತಾಡುವುದು, ಎರಡು ನಿಮಿಷ ಮೌನ, ಆಮೇಲೆ ಆ ದಿನದ ಕೇಸುಗಳೆಲ್ಲ ಮುಂದಕ್ಕೆ. ಹಾಗಾಗಿ ತಯಾರಿಲ್ಲದ ವಕೀಲನೊಬ್ಬ ಬೆಳಿಗ್ಗೆ ಎದ್ದು ಮೊದಲು ನೆನೆಸಿಕೊಳ್ಳುವುದು ಯಾರಿಗೆ ಹುಷಾರಿಲ್ಲ ಎಂಬುದನ್ನೇ. ಇಂಥ ಯೋಚನೆ ತನಗೆ ಬಂದದ್ದಕ್ಕೆ ವಕೀಲರು ಮನಸ್ಸಿನಲ್ಲೇ ಛೀ ಅಂದುಕೊಂಡರು. ಅಂದುಕೊಂಡು, ಮತ್ತೆ ಯೋಚಿಸಿದರು.

ಕಾರು ಹಿರಿಯರ ಮನೆಯ ಮುಂದೆ ಬಂದಾಗ ಅವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಮನೆಯ ಕುರ್ಚಿಗಳೆಲ್ಲ ಅಂಗಳಕ್ಕೆ ಬಂದಿದ್ದವು. ಬಾಗಿಲ ಬಳಿ ನಾಲ್ಕೈದು ಜನ ತಲೆ ತಗ್ಗಿಸಿ, ಮೂಗಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದರು. ಇಬ್ಬರು ಬಿಳಿ ಬಟ್ಟೆ ಸುತ್ತಿದ ಉದ್ದನೆಯದೇನನ್ನೋ ಹೊತ್ತು ಮೆಲ್ಲಗೆ ಮೆಟ್ಟಿಲಿಳಿಯುತ್ತಿದ್ದರು. ಹಿರಿಯರ ಹೆಂಡತಿ ಕಂಬಕ್ಕೊರಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ವಕೀಲರು ಕಾರಿನಿಂದಲೇ ತಲೆ ಬಾಗಿಸಿದರು. ಆಕೆಯೂ ತಲೆಯಾಡಿಸಿ ಮತ್ತೆ ಕಣ್ಣೊರೆಸಿಕೊಂಡರು.

ಕಣ್ಣಾರೆ ಕಂಡ ಸಾಕ್ಷಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ, ನೀನು ನೋಡಿದ್ದೇನು, ನೋಡಿದೆ ಅಂದುಕೊಂಡದ್ದೇನು ಎಂದು ಬೆವರಿಳಿಸಿದ್ದ ಮನುಷ್ಯ ಅಂದು ತನ್ನ ಕಣ್ಣನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರಿಗೆ ದುಃಖವಾಗಬೇಕಾಗಿತ್ತು. ಆದದ್ದು ಹೊಟ್ಟೆಗೆ ಹಾಲು ಹೊಯ್ದಂಥ ಸಮಾಧಾನ. ಮುಂದಿನ ತಿರುವಿನಲ್ಲಿ ದುಃಖವೂ ಬಂತು, ಅದು ಹೆಚ್ಚಾಗಿ ತನ್ನ ಬಗ್ಗೆಯೇ.

ಕೋರ್ಟಿನ ಮೊಗಸಾಲೆಯಲ್ಲಿ ಸುದ್ದಿ ಹೇಳಿದ್ದೇ ತಡ, ಎಲ್ಲರ ಮುಖವೂ ಒಂದೇ ಅಚ್ಚಿನಲ್ಲಿ ಹಾಕಿದಂತೆ ಗಂಭೀರವಾಯಿತು. ಯಾರೂ ಹಿರಿಯರ ಮನೆಗೆ ಫೋನು ಮಾಡಲಿಲ್ಲ. ಪ್ರತಿಯೊಬ್ಬರಿಗೂ ಆ ದಿನ ಒಂದೊಂದು ಕಷ್ಟದ ಕೇಸಿತ್ತು, ಬಂದ ಸುದ್ದಿಯನ್ನು ಕೆದಕಿ ಕೆಡಿಸಿಕೊಳ್ಳುವಷ್ಟು ದಡ್ಡರು ಅಲ್ಲಿ ಯಾರೂ ಇರಲಿಲ್ಲ. ನಮ್ಮ ವಕೀಲರ ಗುಮಾಸ್ತ ಮಾತ್ರ ಕೈಚೀಲ ತಬ್ಬಿಕೊಂಡು ಹತ್ತಿರ ಬಂದ.

"ಸಾರ್, ನಿನ್ನೆ ಸಂಜೆ ಅವರು ಔಷಧಿ ಅಂಗಡಿ ಮುಂದೆ ಜಗಳ ಆಡ್ತಿದ್ರು. ದನಿ ಗಟ್ಟಿಯಾಗೇ ಇತ್ತು."

"ಔಷಧಿ ಅಂಗಡಿಗೆ ಯಾಕೆ ಹೋಗಿದ್ರು ಹೇಳು," ಎಂದರು ವಕೀಲರು.

ಅಷ್ಟರಲ್ಲಿ ಅತಿಥಿಗೃಹದಿಂದ ಬಾಮೈದ ಫೋನು ಮಾಡಿದ. ವರಿಷ್ಠರು ಬಂದಾಗಿದೆ, ಸಿಮೆಂಟ್ ಅಂಗಡಿಯವನು ಅವರ ಪಕ್ಕದ ಕುರ್ಚಿ ಹಿಡಿದಾಗಿದೆ, ನಿಮ್ಮ ಶಾಸಕರು ಊರಲ್ಲಿ ಯಾರ ಕಣ್ಣಿಗೂ ಬೀಳೋದಿಲ್ಲವಂತಲ್ಲ ಎಂದು ವರಿಷ್ಠರು ಎರಡು ಸಲ ಕೇಳಿದ್ದೂ ಆಗಿದೆ. ಆಗ ವಕೀಲರಿಗೊಂದು ಉಪಾಯ ಹೊಳೆಯಿತು. ಅವರಿಗೆ ಬೇರೇನೂ ಬರದಿದ್ದರೂ ಮಾತು ಬರುತ್ತಿತ್ತು. ಸಂತಾಪ ಭಾಷಣ ತಾನೇ ಮಾಡುತ್ತೇನೆ, ಫೋನನ್ನು ಹಾಗೇ ಕೋಟಿನ ಜೇಬಿನಲ್ಲಿಟ್ಟುಕೊಂಡಿರುತ್ತೇನೆ, ನೀನು ಅಲ್ಲಿ ಮೇಜಿನ ಮೇಲಿಟ್ಟು ಗಟ್ಟಿಯಾಗಿ ಕೇಳಿಸು, ಊರಿನ ದೊಡ್ಡ ಸಾವಿಗೆ ಯಾರು ಮಾತಾಡುತ್ತಾರೆ ಅಂತ ಅವರಿಗೂ ಗೊತ್ತಾಗಲಿ ಎಂದು ಬಾಮೈದನಿಗೆ ಹೇಳಿದರು.

ಮೇಡಂ ಬಂದರು, ಸುದ್ದಿ ಕೇಳಿ ಎದ್ದು ನಿಂತರು. ಕೋರ್ಟೂ ನಿಂತಿತು. ವಕೀಲರು ಮುಂದೆ ಬಂದು, ಕಣ್ಣು ಮುಚ್ಚಿ ಶುರುಮಾಡಿದರು.

ಮೊದಲ ನಾಲ್ಕು ಮಾತು ರೂಢಿಯದೇ. ಐದನೆಯದಕ್ಕೆ ಬರುವಾಗ ಏನೋ ಆಯಿತು. ಹಿರಿಯರ ಆಫೀಸಿನ ಮುರುಕು ಬೆಂಚು, ತನಗೆ ಮೊದಲ ಕೇಸು ಕೊಟ್ಟ ದಿನ ಅವರು ಬೈದ ಬೈಗುಳ, ಸೋತು ಬಂದಾಗ ಏನೂ ಅನ್ನದೆ ಅರ್ಧ ಲೋಟ ಕಾಫಿ ಮುಂದೆ ಸರಿಸಿದ್ದು ಎಲ್ಲ ನೆನಪಾಗಿ ವಕೀಲರ ಮುಚ್ಚಿದ ಕಣ್ಣಿನಿಂದ ನಿಜವಾಗಿಯೂ ನೀರಿಳಿಯಿತು. ಅಲ್ಲಿಂದಾಚೆಗೆ ಮಾತು ಅವರ ಹತೋಟಿಯಲ್ಲಿರಲಿಲ್ಲ.

"ಹಿರಿಯರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ದಾವಾ ಹೂಡಲಿಲ್ಲ," ಎಂದರು. "ಈ ಊರಿನಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ, ಅವರ ಮೇಲೆ ಬೆರಳು ತೋರಿಸುವವರಿಲ್ಲ. ವಿಧಾನಸಭೆಯಲ್ಲಿ ಇರಬೇಕಾದವರು ಇಂಥವರು, ನನ್ನಂಥವರಲ್ಲ. ಅವರೊಂದು ಸಲ ಹೂಂ ಅಂದಿದ್ದರೆ, ನನ್ನ ಸ್ಥಾನ ಅವರ ಪಾದದ ಹತ್ತಿರ ಇಟ್ಟು, ಅವರ ಬಾವುಟ ಹಿಡಿದು ಮನೆಮನೆಗೆ ಓಡಾಡುತ್ತಿದ್ದೆ. ಆ ಭಾಗ್ಯ ನನಗಿಲ್ಲವಾಯಿತು."

ಸತ್ತವರಿಗೆ ಏನು ಬಿಟ್ಟುಕೊಟ್ಟರೂ ನಷ್ಟವಿಲ್ಲ ಎಂಬ ಲೆಕ್ಕ ಆ ದುಃಖದ ನಡುವೆಯೂ ಒಂದು ಮೂಲೆಯಲ್ಲಿ ನಡೆದೇ ಇತ್ತು.

ಎರಡು ನಿಮಿಷದ ಮೌನ ಶುರುವಾಯಿತು. ಎಲ್ಲರ ತಲೆಯೂ ಕೆಳಗೆ. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು: "ಯಾರಪ್ಪಾ ಹೋಗಿದ್ದು?" ಪಕ್ಕದವರು ಕಣ್ಣು ತೆರೆಯದೆ, "ನಮ್ಮ ಹಿರಿಯರು," ಎಂದರು. ಆಮೇಲೆ ಗೋಡೆಯ ಸುಣ್ಣ ಉದುರುವಂಥ ಒಂದು ಸೀನು.

ಆ ಸೀನನ್ನು ಆ ಕೋರ್ಟಿನಲ್ಲಿ ಅರಿಯದವರಿರಲಿಲ್ಲ. ಎದುರು ವಕೀಲ ಒಳ್ಳೆಯ ವಾದ ಮಂಡಿಸಿದಾಗಲೆಲ್ಲ ಅದು ಬರುತ್ತಿತ್ತು. ಎಲ್ಲರೂ ಒಟ್ಟಿಗೆ ಹಿಂತಿರುಗಿದರು. ಹಿರಿಯರು ಬಾಗಿಲ ಬಳಿ, ಬರೀ ಅಂಗಿಯಲ್ಲಿ, ಎದೆಯ ಮೇಲೆ ದೊಡ್ಡದೊಂದು ಎಣ್ಣೆಯಂಥ ಕಲೆಯೊಂದಿಗೆ, ತಾವೂ ತಲೆ ತಗ್ಗಿಸಿ ನಿಂತಿದ್ದರು. ಮೂಗಿನಿಂದಲೂ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಸೀಮೆಎಣ್ಣೆಗಿಂತ ಕಟುವಾದ ವಾಸನೆಯೊಂದು ಕೋರ್ಟಿನ ತುಂಬಾ ಹರಡಿತು.

ಮೇಡಂ ನಿಧಾನವಾಗಿ ಕೂತು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಇವರ ಶವ ನೋಡಿದ್ರಾ?"

"ಇಲ್ಲ ಮೇಡಂ."

"ಏನು ನೋಡಿದ್ರಿ?"

"ಕುರ್ಚಿ," ಎಂದರು ವಕೀಲರು.

ಉಳಿದದ್ದನ್ನು ಹಿರಿಯರೇ ವಿವರಿಸಿದರು. ಮನೆಗೆ ಗೆದ್ದಲು ಹಿಡಿದಿದೆ. ಹೇಳಿದ್ದಕ್ಕಿಂತ ತಡವಾಗಿ ಔಷಧಿಯವರು ಇವತ್ತು ಬಂದು ಹೊಡೆಯುತ್ತಿದ್ದಾರೆ, ಅದಕ್ಕೇ ನಿನ್ನೆ ಅಂಗಡಿಯಲ್ಲಿ ಜಗಳ. ಸಾಮಾನೆಲ್ಲ ಹೊರಗಿದೆ, ಮೊಳದುದ್ದ ತೂತು ಬಿದ್ದ ಮಂಚದ ಹಲಗೆಯನ್ನು ಹುಡಿ ಉದುರದಂತೆ ಬಟ್ಟೆ ಸುತ್ತಿ ಸಾಗಿಸಿದ್ದಾರೆ, ಆ ಘಾಟಿಗೆ ಮನೆಯವಳು ಬೆಳಿಗ್ಗೆಯಿಂದ ಕಣ್ಣು ಬಿಟ್ಟಿಲ್ಲ, ಕೋಟಿನ ಮೇಲೆ ಡಬ್ಬಿ ಮಗುಚಿದ್ದರಿಂದ ತಾನು ಹೀಗೆ ಬರಬೇಕಾಯಿತು, ಕೋರ್ಟು ಕ್ಷಮಿಸಬೇಕು ಎಂದರು.

"ಹಾಗಾದ್ರೆ ಕೋರ್ಟು ನಡೆಯುತ್ತೆ," ಎಂದರು ಮೇಡಂ. ಇಡೀ ಕೋರ್ಟು ಹಿರಿಯರನ್ನು ನೋಡಿದ ನೋಟದಲ್ಲಿ, ಬದುಕಿ ಬಂದವರ ಬಗ್ಗೆ ಇರಬೇಕಾದ ಸಂತೋಷ ಅಷ್ಟಾಗಿ ಇರಲಿಲ್ಲ. "ಮೊದಲು ಬೇಕರಿ ಕೇಸೇ ಕರೀರಿ."

ವಕೀಲರು ಫೈಲು ತೆರೆದರು. ಅಕ್ಷರಗಳು ಇರುವೆಗಳ ಹಾಗೆ ಹರಿದಾಡಿದವು. ಇನ್ನು ಪಾಟೀಸವಾಲು ಮುಗಿಯುವುದು ಯಾವಾಗ, ಅತಿಥಿಗೃಹಕ್ಕೆ ಹೋಗುವುದು ಯಾವಾಗ. ಮೊದಲ ಪ್ರಶ್ನೆ ಕೇಳುವ ಮೊದಲೇ ಮೇಡಂ, "ವಕೀಲರೇ, ಎದುರು ಪಕ್ಷದ ವಕೀಲರು ಒಂದೇ ಒಂದು ಸುಳ್ಳು ದಾವಾನೂ ಹೂಡಿಲ್ಲ ಅಂತ ಈಗ ತಾನೇ ನೀವೇ ಹೇಳಿದ್ರಿ. ಈ ದಾವಾನೂ ಅದ್ರಲ್ಲಿ ಸೇರಿತಾ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ಬೇಕರಿಯವನು ಎದ್ದು ನಿಂತದ್ದು ವಕೀಲರಿಗೆ ಬೆನ್ನಿನಲ್ಲೇ ತಿಳಿಯಿತು.

ಅಷ್ಟರಲ್ಲಿ ಪಕ್ಕದವರು ಇಡೀ ಭಾಷಣವನ್ನು ಹಿರಿಯರ ಕಿವಿಯಲ್ಲಿ ಹೇಳಿ ಮುಗಿಸಿದ್ದರು. ಆಗ ಹಿರಿಯರು ಎದ್ದರು. ಎಷ್ಟೋ ವರ್ಷದ ಮೇಲೆ ಶಿಷ್ಯನ ಮುಖವನ್ನು ಸರಿಯಾಗಿ ನೋಡಿದರು. ಈ ಸಲ ಕಣ್ಣಿನ ನೀರು ಔಷಧಿಯದಾಗಿರಲಿಲ್ಲ.

"ಮೇಡಂ, ಈ ಕೇಸು ಮುಂದಕ್ಕೆ ಹಾಕಿ ಅಂತ ಇವತ್ತು ನಾನೇ ಕೇಳ್ಕೋತೀನಿ. ಇವನಿಗೆ ಬೇರೆ ಕೆಲಸ ಇದೆ. ಇಂಥ ಮಾತು ಕೇಳಿಸ್ಕೊಂಡ ಮೇಲೆ ನನಗೂ ವಾದ ಮಾಡೋ ತ್ರಾಣ ಇಲ್ಲ."

ಸತ್ತವರೇ ಬಂದು ಕೇಳುವಾಗ ಇಲ್ಲ ಅನ್ನುವುದು ಹೇಗೆ ಎಂದು ಮೇಡಂ ಮುಂದಿನ ತಾರೀಕು ಕೊಟ್ಟರು.

ಮೊಗಸಾಲೆಗೆ ಬಂದಾಗ ಬೇಕರಿಯವನು ಕೈಚಾಚಿ ಫೈಲು ಕೇಳಿದ. ಅವನು ಕೂಗಾಡಲಿಲ್ಲ, ಅದೇ ವಕೀಲರಿಗೆ ಹೆಚ್ಚು ನಾಟಿತು. ತನ್ನ ವಕೀಲರೇ ಎದುರಿನವರನ್ನು ಅಷ್ಟು ಹೊಗಳುತ್ತಾರೆಂದರೆ ತಾನು ತಪ್ಪು ಕಡೆ ಬಂದಿದ್ದೇನೆ ಅಂತಲೇ ಅರ್ಥ, ಹಿರಿಯರು ಸಿಗದಿದ್ದರೆ ಅವರು ತೋರಿಸಿದವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮೆತ್ತಗೆ ಹೇಳಿ ಫೈಲು ಕಂಕುಳಲ್ಲಿಟ್ಟುಕೊಂಡು ಹೋದ. ಕೊನೆಯ ಕೇಸು ಮೆಟ್ಟಿಲಿಳಿದು ಹೋಗುವುದನ್ನು ವಕೀಲರು ನೋಡುತ್ತಾ ನಿಂತರು. ಹೋಗಲಿ, ಟಿಕೆಟ್ಟೊಂದು ಸಿಕ್ಕಿಬಿಟ್ಟರೆ ಇನ್ನು ಐದು ವರ್ಷ ಈ ಮೆಟ್ಟಿಲು ಹತ್ತುವ ಪ್ರಮೇಯವೇ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಹಿರಿಯರು ಅವರ ಹೆಗಲ ಮೇಲೆ ಕೈಯಿಟ್ಟರು. "ಇಷ್ಟು ವರ್ಷ ನಿನ್ನನ್ನ ತಪ್ಪು ತಿಳ್ಕೊಂಡಿದ್ದೆ ಕಣಯ್ಯಾ. ನಡಿ, ನಿಮ್ಮ ವರಿಷ್ಠರ ಹತ್ರ ನಾನೇ ಬಂದು ನಿನ್ನ ಪರವಾಗಿ ಒಂದು ಮಾತು ಹೇಳ್ತೀನಿ."

ವಕೀಲರಿಗೆ ಅಲ್ಲೇ ಅಳು ಬಂತು. ಬೆಳಿಗ್ಗೆಯಿಂದ ಮೊದಲ ಬಾರಿಗೆ ದೇವರು ತಮ್ಮ ಕಡೆ ತಿರುಗಿ ನೋಡಿದ ಹಾಗಾಯಿತು. ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡರು. ಕಲೆಯಾದ ಅಂಗಿಯಲ್ಲಿ ಅವರು ವರಿಷ್ಠರೆದುರು ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು, ಬಲಗಡೆ ಕೊಕ್ಕೆಯ ಕೆನೆಬಣ್ಣದ ಕೋಟು ತೆಗೆದು ತಾವೇ ತೊಡಿಸಿದರು. ಅಳತೆ ತೆಗೆದು ಹೊಲಿಸಿದಂತೆ ಕೂತಿತು. ಬೇರೆ ಕೋಟಿಲ್ಲದ ಕಾರಣ ವಕೀಲರು ಕಪ್ಪು ಕೋಟಿನಲ್ಲೇ ಹೊರಟರು.

ಅತಿಥಿಗೃಹದ ಬಾಗಿಲಲ್ಲಿ ಬಾಮೈದ ನಿಂತಿದ್ದ. ಭಾವನನ್ನು ಕಂಡೊಡನೆ ಅವನ ಮುಖ ಹುಳ್ಳಗಾಯಿತು, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ವರಿಷ್ಠರೇ ಎದ್ದು ಬಂದರು. ಬಂದವರು ವಕೀಲರನ್ನು ದಾಟಿ, ಕೆನೆಬಣ್ಣದ ಕೋಟು ತೊಟ್ಟಿದ್ದ ಹಿರಿಯರ ಎರಡೂ ಕೈ ಹಿಡಿದುಕೊಂಡರು.

"ಇವರೇನಾ?" ಎಂದರು. "ನಿಮ್ಮ ಭಾಷಣ ಕೇಳ್ತಾ ನಮಗೆಲ್ಲ ಬೇಜಾರಾಗ್ಬಿಡ್ತು ಶಾಸಕರೇ. ಇಂಥ ಒಳ್ಳೆ ಅಭ್ಯರ್ಥಿ, ನಾವು ಬರೋ ದಿನವೇ ಹೋಗ್ಬಿಟ್ರಲ್ಲ ಅಂತ. ಆಮೇಲೆ ಆ ಸೀನು ಕೇಳಿಸ್ತು. ಹೋದ ಜೀವ ಬಂದ ಹಾಗಾಯ್ತು."

ವಕೀಲರ ಕೈ ಎದೆಯ ಮೇಲೆ ಹೋಯಿತು. ಕಪ್ಪು ಕೋಟಿನ ಜೇಬಿನಲ್ಲಿ ಫೋನು ಬಿಸಿಯಾಗಿ, ಇನ್ನೂ ಮಾತು ಕಡಿಯದೆ ಉಳಿದಿತ್ತು. ಕುರ್ಚಿ, ಗೆದ್ದಲು, ಬೇಕರಿಯವನು, ಎಲ್ಲವೂ ಈ ಮೇಜಿನ ಮೇಲೆ ಕೇಳಿಸಿತ್ತು.

ವರಿಷ್ಠರು ಸಮಾಧಾನವಾಗಿ ಬಿಡಿಸಿ ಹೇಳಿದರು. ಶಾಸಕರ ಹೆಸರು ಹೇಳಿದರೆ ಊರವರು ಮುಖ ತಿರುಗಿಸುತ್ತಾರೆ, ಸಿಮೆಂಟ್ ಅಂಗಡಿಯವರ ಹೆಸರು ಹೇಳಿದರೆ ಶಾಸಕರ ಕಡೆಯವರು ಮುಖ ತಿರುಗಿಸುತ್ತಾರೆ, ಯಾರೂ ಬೆರಳು ತೋರಿಸದ ಮನುಷ್ಯನೊಬ್ಬ ಬೇಕಾಗಿತ್ತು. ಅಂಥವರು ಇದ್ದಾರೆಂದು ಶಾಸಕರೇ ತುಂಬಿದ ಕೋರ್ಟಿನಲ್ಲಿ, ನ್ಯಾಯಾಧೀಶರ ಎದುರು ಸಾರಿದ್ದಾರೆ, ತಮ್ಮ ಸ್ಥಾನವನ್ನೂ ಬಿಟ್ಟುಕೊಟ್ಟಿದ್ದಾರೆ. ಇಂಥ ತ್ಯಾಗವನ್ನು ಪಕ್ಷ ಮರೆಯುವುದಿಲ್ಲ.

ವಕೀಲರು ಹಿರಿಯರ ಕಡೆ ನೋಡಿದರು. ಹಿರಿಯರು ಇಲ್ಲ ಅಂದೇ ಅನ್ನುತ್ತಾರೆ, ರಾಜಕೀಯ ಎಂದರೆ ಮೂಗು ಮುರಿಯುವವರು, ತನ್ನ ಪರ ಮಾತಾಡಲೆಂದೇ ಬಂದವರು. ಹಿರಿಯರು ಕೋಟಿನ ಗುಂಡಿ ಸವರಿಕೊಂಡು ಬಹಳ ಹೊತ್ತು ಯೋಚಿಸಿದರು.

"ನನಗೆ ಇದೆಲ್ಲ ಬೇಕಿರ್ಲಿಲ್ಲ," ಎಂದರು ಕೊನೆಗೆ. "ಆದ್ರೆ ಇವನು ಕಣ್ಣೀರು ಹಾಕ್ಕೊಂಡು ಕೇಳಿದಾನೆ. ನಾನು ಸತ್ತೆ ಅಂದ್ಕೊಂಡಾಗ ಆಡಿದ ಮಾತು, ಅದ್ರಲ್ಲಿ ಮುಲಾಜು ಇರೋಲ್ಲ. ಶಿಷ್ಯನ ಆಸೆ. ಹೂಂ."

ಚಪ್ಪಾಳೆ ಬಿತ್ತು. ಸಿಮೆಂಟ್ ಅಂಗಡಿಯವನೂ ತಟ್ಟಿದ, ತನಗೆ ಸಿಗದ್ದು ವಕೀಲರಿಗೂ ಸಿಗಲಿಲ್ಲವೆಂಬ ತೃಪ್ತಿಯಲ್ಲಿ ಎಲ್ಲರಿಗಿಂತ ಜೋರಾಗಿಯೇ ತಟ್ಟಿದ. ವರಿಷ್ಠರು ಕಾರು ಹತ್ತುವ ಮೊದಲು ವಕೀಲರ ಕಿವಿಯ ಹತ್ತಿರ ಬಾಗಿದರು.

"ನಾಳೆಯಿಂದ ಪ್ರಚಾರದ ಉಸ್ತುವಾರಿ ನಿಮ್ಮದೇ. ಅದೇ ಭಾಷಣ ಊರೂರಲ್ಲೂ ಮಾಡಿ, ಒಂದು ಮಾತೂ ಬದಲಾಯಿಸ್ಬೇಡಿ. ಕೊನೇಲಿ ಆ ಎರಡು ನಿಮಿಷದ ಮೌನ ಒಂದು ಬೇಡ."

ಎಲ್ಲರೂ ಹಿರಿಯರನ್ನು ಸುತ್ತುವರಿದು ಒಳಗೆ ಹೋದರು. ಬಾಮೈದನೂ ಹೋದ, ಬಾವುಟಗಳನ್ನು ಎಣಿಸುವುದಿತ್ತಂತೆ. ವಕೀಲರು ಕಾರಿನ ಹತ್ತಿರ ಬಂದು ಹಿಂದಿನ ಬಾಗಿಲು ತೆರೆದರು. ಎರಡು ಕೊಕ್ಕೆಯೂ ಖಾಲಿ. ಇನ್ನು ಮನೆಗೆ ಹೋಗಿ ಹೆಂಡತಿಗೆ ಯಾವುದನ್ನು ಮೊದಲು ಹೇಳುವುದೆಂದು ತಿಳಿಯದೆ, ಬಾಗಿಲು ಹಿಡಿದುಕೊಂಡು, ತಲೆ ತಗ್ಗಿಸಿ, ಅಲ್ಲೇ ನಿಂತುಬಿಟ್ಟರು.

ಕೋರ್ಟಿನಿಂದ ಹಿಂಬಾಲಿಸಿ ಬಂದು, ಅಷ್ಟು ಹೊತ್ತೂ ಕೈಚೀಲ ತಬ್ಬಿಕೊಂಡು ಮರದ ಕೆಳಗೆ ಕಾಯುತ್ತಿದ್ದ ಗುಮಾಸ್ತ ಮೆಲ್ಲಗೆ ಹತ್ತಿರ ಬಂದ. ಯಜಮಾನರು ನಿಂತ ಭಂಗಿ ನೋಡಿ ಅವನೂ ಚಪ್ಪಲಿ ಬಿಟ್ಟು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಾದ ಮೇಲೆ ತಡೆಯಲಾರದೆ ಕೇಳಿದ.

"ಯಾರಾದ್ರೂ ಹೋದ್ರಾ ಸಾರ್?" ದನಿಯಲ್ಲಿ ಚೂರು ಆಸೆಯೂ ಇತ್ತು. "ನಾಳೆ ಕೋರ್ಟು ಇರೋಲ್ವಾ?"

"ಒಬ್ಬ ಹೋದ ಕಣಯ್ಯಾ," ಎಂದರು ವಕೀಲರು, ತಲೆ ಎತ್ತದೆ. "ಆದ್ರೆ ಕೋರ್ಟು ಇರುತ್ತೆ."